ಒಂಬತ್ತು ಸಾವಿರದ ಒಂಬೈನೂರು ಎಂಬ ಸುಳ್ಳು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅದರ ಹಿಂದೆ ಮುಂದೆ 'ಅಪರೂಪದ ವ್ಯಕ್ತಿ', 'ಸರಳ ಸಜ್ಜನ' ಅಂತ ಏನಾದರೂ ಸೇರಿಸಿಬಿಡುತ್ತಾರೆ. ಪರೀಕ್ಷೆ ಮಾಡದೆ ಅಂಟಿಸಿದ ಮಾತು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹೋದ ತಿಂಗಳು ಅವರು ತೀರಿಕೊಂಡಾಗ ಕಾಲೇಜಿನವರು ಕಟ್ಟಿಸಿದ ಶ್ರದ್ಧಾಂಜಲಿ ಬ್ಯಾನರಿನಲ್ಲಿ 'ಅಗಾಧ ಜ್ಞಾನದ ಗಣಿ' ಅಂತ ಅಚ್ಚಾಗಿತ್ತು. ಅದನ್ನು ಓದಿ ನನಗೆ ಅಳು ಬರುವ ಬದಲು ನಗು ಬಂತು. ಬದುಕಿದ್ದರೆ, 'ಅಗಾಧ ಅಂದ್ರೆ ಎಷ್ಟು, ಯಾರು ಅಳೆದೋರು' ಅಂತ ಬ್ಯಾನರು ಕಟ್ಟಿದವನನ್ನೇ ಕರೆಸಿ ಕೇಳುತ್ತಿದ್ದರು.

ಹನೂರಿನ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಲ್ಯಾಬ್ ಅಟೆಂಡರ್. ನಾನು ಅಲ್ಲೇ ದ್ವಿತೀಯ ದರ್ಜೆ ಸಹಾಯಕ, ಅಂದರೆ ಗುಮಾಸ್ತ. ಅವರ ಊರು ಧನಗೆರೆ, ನನ್ನದು ಕೊಳ್ಳೇಗಾಲ. ಕೊಳ್ಳೇಗಾಲದಿಂದ ಹನೂರಿಗೆ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ, ಬಹುಪಾಲು ಒಂದೇ ಸೀಟಿನಲ್ಲಿ ಹೋಗಿ ಬಂದಿದ್ದೇವೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಲೇ ಅನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಗುಮಾಸ್ತ್ರೇ ಅನ್ನುತ್ತಿದ್ದರು.

ಲ್ಯಾಬಿನಲ್ಲಿ ಎರಡು ಬೀರು ಇದ್ದವು. ಒಂದರಲ್ಲಿ ಸರ್ಕಾರ ಕೊಟ್ಟ ಉಪಕರಣಗಳು. ಇನ್ನೊಂದರ ತುಂಬ ಚಾರ್ಜ್ ಆಗುವ ಸೆಲ್ಲುಗಳು: ಮೈಕಿನವು, ಟಾರ್ಚಿನವು, ಎಮರ್ಜೆನ್ಸಿ ಲೈಟಿನವು, ಊರ ಜನ ತಂದುಕೊಟ್ಟು ಮರೆತುಹೋದವು. ಒಂದೊಂದರ ಮೈಮೇಲೂ ಗ್ರಾಫ್ ಹಾಳೆಯಿಂದ ಕತ್ತರಿಸಿದ ಸಣ್ಣ ಚೀಟಿ, ಅನ್ನದ ಅಗುಳಿನಿಂದ ಅಂಟಿಸಿದ್ದು. ಚೀಟಿಯಲ್ಲಿ ಮೂರು ಸಾಲು. 'ಹೇಳಿಕೊಂಡದ್ದು' ಅಂದರೆ ಕಂಪನಿಯವರು ಸೆಲ್ಲಿನ ಮೇಲೆ ಅಚ್ಚು ಹಾಕಿದ ಸಂಖ್ಯೆ. 'ಇರುವುದು' ಅಂದರೆ ಅಣ್ಣ ಅಳೆದದ್ದು. ಮೂರನೆಯ ಸಾಲು 'ಗುಣ'. ಅಲ್ಲಿ 'ನಿಧಾನ, ನಂಬಬಹುದು' ಅಂತಲೋ 'ಕೂತಲ್ಲೇ ಇಳಿಯುತ್ತದೆ' ಅಂತಲೋ ಇರುತ್ತಿತ್ತು. ಉಪನ್ಯಾಸಕರೊಬ್ಬರು ತಮ್ಮ ಮೈಕಿನ ಸೆಲ್ಲಿನ ಮೇಲೆ 'ಬೇಗ ಬಿಸಿಯಾಗುತ್ತದೆ' ಅಂತ ಇದ್ದದ್ದು ತಮ್ಮ ಬಗ್ಗೆಯೇ ಬರೆದದ್ದು ಅಂದುಕೊಂಡು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಅಣ್ಣನನ್ನು ಕರೆಸಿ ಕೇಳಿದಾಗ, ಸೆಲ್ಲಿನ ಬಗ್ಗೆ ಬರೆದದ್ದು ಹೌದು, ಆದರೆ ಮೇಷ್ಟ್ರ ಬಗ್ಗೆಯೂ ತಪ್ಪಾಗಲಾರದು ಅಂತ ಹೇಳಿ ಬಂದರಂತೆ.

ಅವರು ಅಳೆಯುವ ಕ್ರಮ ಬಹಳ ಸರಳ. ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡುವುದು, ಒಂದು ಗಂಟೆ ಸುಮ್ಮನೆ ಬಿಡುವುದು, ಆಮೇಲೆ ಮೀಟರಿಗೆ ಕಟ್ಟಿ ಮೆಲ್ಲಗೆ ಖಾಲಿ ಮಾಡುವುದು. ಎಷ್ಟು ಕರೆಂಟು ಕೊಟ್ಟಿತು, ಎಷ್ಟು ಗಂಟೆ ಕೊಟ್ಟಿತು, ಎರಡನ್ನೂ ಗುಣಿಸುವುದು. "ಮಿಲಿ ಆಂಪಿಯರ್ ಅವರ್ ಅಂದ್ರೆ ಇಷ್ಟೇ ಕಣ್ಲಾ. ಎರಡು ಸಾವ್ರ ಅಂತ ಬರ್ದಿದ್ರೆ, ನಾನ್ನೂರರಂಗೆ ತಕಂಡ್ರೆ ಐದು ಗಂಟೆ ಬರ್ಬೇಕು. ಬರ್ನಿಲ್ಲ ಅಂದ್ರೆ ಬರ್ದೋನು ಸುಳ್ಳ." ಐದು ಗಂಟೆ ಅಂದರೆ ಐದೂ ಗಂಟೆ ಅವರು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಚಾರ್ಜಿಗೆ ಹಾಕಿದಾಗಂತೂ ಏಳುತ್ತಲೇ ಇರಲಿಲ್ಲ. ಕಡಪ ಕಲ್ಲಿನ ಮೇಲೆ ಸೆಲ್ಲು, ಪಕ್ಕದಲ್ಲಿ ಒಂದು ಬಕೆಟ್ ಮರಳು, ತೊಡೆಯ ಮೇಲೆ ಬುತ್ತಿ. ಚಾರ್ಜಿಗೆ ಹಾಕಿ ಎದ್ದು ಹೋಗುವುದು ಅಂದರೆ ಒಲೆ ಮೇಲೆ ಹಾಲಿಟ್ಟು ಊರಿಗೆ ಹೋದ ಹಾಗೆ ಅನ್ನುವುದು ಅವರ ಲೆಕ್ಕ. ಇಲಾಖೆಯ ದೊಡ್ಡ ಅಧಿಕಾರಿ ತಪಾಸಣೆಗೆ ಬಂದ ದಿನ ಎಲ್ಲರೂ ಎದ್ದು ನಿಂತರು, ಇವರು ಕೂತೇ ನಮಸ್ಕಾರ ಮಾಡಿದರು. ಇವರಿಗೆ ಕಾಲು ನೋವಿರಬೇಕು ಅಂತ ಅಧಿಕಾರಿಗೆ ಅನ್ನಿಸಿ, ಪಾಪ, ತೈಲ ಯಾವುದು ಹಚ್ಚಬೇಕು ಅಂತ ಹೇಳಿ ಹೋದರು.

ಹಾಗಂತ ಎಲ್ಲವನ್ನೂ ಮೋಸ ಅನ್ನುವವರಲ್ಲ. ಪ್ರಿನ್ಸಿಪಾಲರ ಪವರ್ ಬ್ಯಾಂಕಿನ ವಿಷಯದಲ್ಲಿ ಕಂಪನಿಯ ಪರವಾಗಿ ನಿಂತದ್ದು ಇವರೊಬ್ಬರೇ. ಪವರ್ ಬ್ಯಾಂಕಿನ ಮೇಲೆ ಹತ್ತು ಸಾವಿರ ಅಂತ ಇದೆ, ಫೋನಿನ ಬ್ಯಾಟರಿ ಐದು ಸಾವಿರದ್ದು, ಎರಡು ಸಲ ತುಂಬಬೇಕು, ಒಂದೂವರೆ ಸಲಕ್ಕೇ ಮುಗಿಯಿತು, ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಅಂತ ಪ್ರಿನ್ಸಿಪಾಲರು ಕೂಗಾಡುತ್ತಿದ್ದರು. ಅರ್ಜಿ ಬರೆಯಲು ನನ್ನನ್ನು ಕರೆದಿದ್ದರು.

"ಸಾ, ನೂರು ಸೇರು ಬತ್ತ ಮಿಲ್ಲಿಗಾಕುದ್ರೆ ನೂರು ಸೇರು ಅಕ್ಕಿ ಬತ್ತದಾ?" ಅಂತ ಅಣ್ಣ ಬಾಗಿಲಲ್ಲೇ ನಿಂತು ಕೇಳಿದರು.

"ಹೊಟ್ಟು ಹೋಗುತ್ತಲ್ಲಪ್ಪಾ."

"ಅಂಗೇಯ ಇದೂವೆ. ಒಳ್ಗಿರೋ ಸೆಲ್ಲು ಮೂರು ಮುಕ್ಕಾಲು ವೋಲ್ಟಿಂದು. ಆಚೆ ಬರೋದು ಐದು ವೋಲ್ಟಾಗಿ. ಮ್ಯಾಲಿಕ್ಕೆ ಏರ್ಸೋವಾಗ ಒಸಿ ಓಯ್ತದೆ, ಬಿಸಿಯಾಗಿ ಒಸಿ ಓಯ್ತದೆ. ಮೇಲೆ ಬರ್ದಿರೋದು ಬತ್ತದ ಲೆಕ್ಕ. ನಿಮ್ಗೆ ಬೇಕಿರೋದು ಅಕ್ಕಿ ಲೆಕ್ಕ. ಇದು ಯೋಗ್ಯಸ್ಥ ಪವರ್ ಬ್ಯಾಂಕು ಸಾ, ಅನ್ಯಾಯವಾಗಿ ಬೈಬ್ಯಾಡಿ."

ಪ್ರಿನ್ಸಿಪಾಲರು ಅರ್ಜಿ ಹರಿದು ಹಾಕಿದರು. ನಾನು ಅರ್ಧ ಪುಟ ಬರೆದು ಮುಗಿಸಿದ್ದೆ, ಅದನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಸಲ ಅವರು ಕೊಟ್ಟ ಕಾಗದವೊಂದನ್ನು ನಾನು ಟಪಾಲು ಪುಸ್ತಕಕ್ಕೆ ಏರಿಸಬೇಕಾಯಿತು. ಪರೀಕ್ಷೆಯ ಕೊಠಡಿಯ ಕಾವಲಿಗೆ, ಮುಂದಿನ ತಿಂಗಳು ನಿವೃತ್ತಿಯಾಗುವ ಒಬ್ಬರನ್ನೂ ಆಗಷ್ಟೇ ಸೇರಿದ ಒಬ್ಬರನ್ನೂ ಜೊತೆ ಹಾಕಿದ್ದರು. ಕಾಗದದಲ್ಲಿದ್ದದ್ದು ಇಷ್ಟು: ಹಳೆಯ ಸೆಲ್ಲನ್ನೂ ಹೊಸ ಸೆಲ್ಲನ್ನೂ ಒಂದೇ ಟಾರ್ಚಿಗೆ ಹಾಕಬಾರದು, ಹಳೆಯದು ಮೊದಲೇ ಖಾಲಿಯಾಗಿ ಹೊಸದನ್ನೂ ಎಳೆದು ಹಾಳು ಮಾಡುತ್ತದೆ, ಆದ್ದರಿಂದ ಜೋಡಿಯನ್ನು ಬದಲಿಸಬೇಕಾಗಿ ವಿನಂತಿ. ಕೆಳಗೆ ಸಹಿ, ದಿನಾಂಕ ಎಲ್ಲ ಸರಿಯಾಗಿತ್ತು. ಸರಿಯಾಗಿರುವ ಕಾಗದವನ್ನು ನಾನು ಏರಿಸದೆ ಇರುವಂತಿಲ್ಲ. ಜೋಡಿ ಬದಲಾಯಿಸಿದರು ಅನ್ನುವುದು ಇನ್ನೊಂದು ವಿಚಿತ್ರ.

ಈಗ ನನ್ನ ಮದುವೆಯ ವಿಷಯಕ್ಕೆ ಬರಬೇಕು. ಅವರ ಬಗ್ಗೆ ಬರೆಯಲು ಕೂತವನು ನನ್ನ ಮದುವೆಯನ್ನು ಯಾಕೆ ತರುತ್ತೇನೆ ಅಂದರೆ, ಅದನ್ನು ಹಾಳು ಮಾಡಲು ನೋಡಿದವರು ಅವರು.

ಆಗ ನನಗೆ ಮೂವತ್ನಾಲ್ಕು. ಹದಿನಾಲ್ಕು ಕಡೆ ಹೆಣ್ಣು ನೋಡಿ ಆಗಿತ್ತು, ಯಳಂದೂರಿನ ಸುತ್ತಮುತ್ತಲೇ ಐದು. ಒಂದು ಕಡೆ ನಾನು ಕುಳ್ಳ ಅಂದರು, ಇನ್ನೊಂದು ಕಡೆ ಕಪ್ಪು ಅಂದರು, ಮತ್ತೊಂದು ಕಡೆ ಮುಂಗೋಪಿ ಅಂತ ಕೇಳಿದ್ದೇವೆ ಅಂದರು. ಹಾಗಂದವರ ಜೊತೆ ಅಲ್ಲೇ ಜಗಳ ಆಡಿ ಎದ್ದು ಬಂದೆ. ನಮ್ಮವ್ವ ದೇವರ ಮುಂದೆ ಕೂತು ಬೇಡಿಕೊಳ್ಳುವುದನ್ನು ಬಿಟ್ಟು ದೇವರನ್ನು ಬೈಯಲು ಶುರು ಮಾಡಿದ್ದಳು. ಹದಿನೈದನೆಯದು ಲೊಕ್ಕನಹಳ್ಳಿ ಪಕ್ಕದ ಹುಡುಗಿ. ಇದೂ ಆಗದಿದ್ದರೆ ಇನ್ನು ಯಾರ ಮನೆಯ ಕಾಫಿಯನ್ನೂ ಕುಡಿಯುವುದಿಲ್ಲ, ಒಬ್ಬನೇ ಇದ್ದುಬಿಡುತ್ತೇನೆ ಅಂತ ಹೇಳಿಬಿಟ್ಟಿದ್ದೆ. ಹೇಳಿದ್ದು ರೋಷದಲ್ಲಿ, ಆದರೆ ಒಳಗೊಳಗೇ ಹೆದರಿಕೆ ಆಗಿತ್ತು.

ಹೊರಟ ಭಾನುವಾರ ನಾನು, ಅವ್ವ, ಯಳಂದೂರಿನ ಸೋದರಮಾವ, ಮೂರೇ ಜನ. ಬರಬೇಕಿದ್ದ ಅತ್ತೆಗೆ ಕಾಲು ಉಳುಕಿತ್ತು. ಮೂವರು ಶುಭಕಾರ್ಯಕ್ಕೆ ಹೋಗಬಾರದು. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಅಣ್ಣ, ಒಡೆಯರಪಾಳ್ಯದ ಕಡೆ ಯಾರದೋ ಸೋಲಾರ್ ಬೇಲಿಯ ಬ್ಯಾಟರಿ ನೋಡಲು ಹೊರಟು ನಿಂತಿದ್ದಾರೆ. "ನಾಕನೇವ್ರಾಗಿ ಬಂದ್ಬುಡಿ. ಸುಮ್ನೆ ಕೂತಿದ್ರೆ ಸಾಕು" ಅಂತ ಮಾವ ಕೇಳಿದ. ಅಣ್ಣ ಬರಲು ಒಪ್ಪಿದರು. ಸುಮ್ಮನೆ ಕೂರಲು ಒಪ್ಪಿದರೋ ಇಲ್ಲವೋ ಅಂತ ನಾವು ವಿಚಾರಿಸಲಿಲ್ಲ.

ಹುಡುಗಿಯ ಮನೆ ಕಾಡಿನ ಅಂಚಿನಲ್ಲಿ. ಹಿಂದುಗಡೆ ಮುಸುಕಿನ ಜೋಳದ ಹೊಲ. ಹಂದಿ, ಆನೆ ಬರುವ ಜಾಗ, ದಿನಾ ರಾತ್ರಿ ಕಾವಲು ಇರಲೇಬೇಕು. ಆ ಮನೆಯಲ್ಲಿ ತಲೆಗೆ ಕಟ್ಟುವ ಟಾರ್ಚು, ಕೈಯಲ್ಲಿ ಹಿಡಿಯುವ ಟಾರ್ಚು ಎಲ್ಲ ಸೇರಿ ಎಂಟು. ಹಗಲು ಕರೆಂಟು ಇದ್ದಾಗ ಎಂಟನ್ನೂ ಚಾರ್ಜಿಗೆ ಹಾಕದಿದ್ದರೆ ಆ ದಿನದ ಕಾವಲು ಕೆಟ್ಟಿತು. ಗಂಡಿನ ಕಡೆಯವರು ಬರುತ್ತಾರೆ ಅಂತ ಮನೆಯನ್ನೆಲ್ಲ ಒಪ್ಪ ಮಾಡಿದ್ದಾರೆ. ಹಜಾರದಲ್ಲಿ ವೈರು ನೇತಾಡುವುದು ಚೆನ್ನಾಗಿರುವುದಿಲ್ಲ, ಹಾಗಂತ ಟಾರ್ಚು ತೆಗೆಯುವಂತೆಯೂ ಇಲ್ಲ. ಎಂಟು ಟಾರ್ಚನ್ನೂ ಎಕ್ಸ್‌ಟೆನ್ಷನ್ ಬೋರ್ಡಿನ ಸಮೇತ ದಿವಾನದ ಕೆಳಗೆ ನೂಕಿ, ಕಾಣದಿರಲಿ ಅಂತ ಮೇಲೆ ಎರಡು ಕಂಬಳಿ ಹೊದೆಸಿ, ದಿವಾನಕ್ಕೆ ಹೊಸ ಬೆಡ್‌ಶೀಟ್ ಇಳಿಬಿಟ್ಟಿದ್ದಾರೆ. ಇದೆಲ್ಲ ಆಮೇಲೆ ತಿಳಿದದ್ದು. ನಾವು ನಾಲ್ಕೂ ಜನ ಆ ದಿವಾನದ ಮೇಲೆಯೇ ಕೂತೆವು.

ಮಾವ ಶುರು ಮಾಡಿದ. "ಉಡ್ಗ ಕಾಲೇಜಲ್ಲಿ ಸೂಪರಿಂಟೆಂಡು. ನಾಕು ಎಕರೆ ನೀರಾವರಿ ಅದೆ. ವಯಸ್ಸು ಇಪ್ಪತ್ತೊಂಬತ್ತು. ಕ್ವಾಪ ಅನ್ನೋದು ಏನು ಅಂತ್ಲೇ ಗೊತ್ತಿಲ್ಲ." ನಾನು ಕೋಪ ಗೊತ್ತಿಲ್ಲದವನ ಹಾಗೆ ನೆಲ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಅಣ್ಣ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲುತ್ತಿದ್ದರು. ಕೈಯನ್ನು ಹಾಸಿಗೆಯ ಮೇಲಿಟ್ಟು ನೋಡಿದರು. ಮೂಗು ಅರಳಿಸಿದರು. ಅವ್ವ ನನ್ನ ತೊಡೆ ಚಿವುಟಿದಳು, ಚಿವುಟಬೇಕಾದದ್ದು ಅವರದನ್ನು.

ಅಷ್ಟರಲ್ಲಿ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಹದಿನಾಲ್ಕು ಹುಡುಗಿಯರಲ್ಲಿ ಯಾರೂ ನನ್ನನ್ನು ನೇರವಾಗಿ ನೋಡಿರಲಿಲ್ಲ. ಇವಳು ನೋಡಿದಳು. ನನಗೆ ಆ ಕ್ಷಣವೇ ಇಷ್ಟವಾದಳು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಲೋಟಕ್ಕೆ ಕೈ ಚಾಚಿದೆ. ಅಣ್ಣ ಕೆಳಗಿಳಿದು, ಹುಡುಗಿಯ ಕಾಲ ಬಳಿಯಲ್ಲೇ ಬೋರಲು ಮಲಗಿ, ದಿವಾನದ ಕೆಳಗೆ ತಲೆ ತೂರಿಸಿದರು.

"ಏನ್ ಬಿದ್ದೋಯ್ತು ಸಾ?" ಅಂದರು ಹುಡುಗಿಯ ಅಪ್ಪ.

"ಏನೂ ಬಿದ್ದಿಲ್ಲ. ಇಲ್ಲೇನೋ ಬೇಯ್ತಾ ಅದೆ."

"ಬೇಯ್ತಾ ಇರೋದು ಅಡ್ಗೆ ಮನೇಲಿ ಸಾ."

"ಅಲ್ಲಲ್ಲ ಕಣ್ರಿ. ನಾವು ಕೂತಿರೋ ಜಾಗ್ದಲ್ಲಿ. ಮದ್ಲು ಆ ಸ್ವಿಚ್ಚು ಆರ್ಸಿ, ಎಲ್ಲಾರೂ ಆಚೆ ನಡೀರಿ."

ಯಾರೂ ಕದಲಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಗೊಂದು ಘಟ್ಟ ಇಲ್ಲವಲ್ಲ. ಅವರೇ ಎದ್ದು ಗೋಡೆಯ ಸ್ವಿಚ್ ಆರಿಸಿ, ಕಂಬಳಿಗಳನ್ನು ಎಳೆದು ಹಾಕಿದರು. ಒಂದು ಕಂಬಳಿಯಲ್ಲಿ ಅಂಗೈಯಗಲ ಕರಿ ಕಲೆ. ತಲೆಗೆ ಕಟ್ಟುವ ಒಂದು ಟಾರ್ಚಿನ ಪ್ಲಾಸ್ಟಿಕ್ ಸೊಟ್ಟಗಾಗಿ, ಒಳಗಿನ ಸೆಲ್ಲು ಉಬ್ಬಿ, ಸಿಹಿಸಿಹಿಯಾದ ಕೆಟ್ಟ ವಾಸನೆ ಬರುತ್ತಿತ್ತು. "ಯಾರಾರ ಒಂದು ಮೊರ ತಕ್ಕೊಡ್ರವ್ವಾ" ಅಂದರು. ಆಗ ಕದಲಿದವಳು ಹುಡುಗಿ ಒಬ್ಬಳೇ. ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಓಡಿ ಮೊರ ತಂದಳು. ಅಣ್ಣ ಕೋಲಿನಿಂದ ಟಾರ್ಚನ್ನು ಮೊರಕ್ಕೆ ತಳ್ಳಿ, ಆರತಿ ತಟ್ಟೆ ಹಿಡಿದವರಂತೆ ಕೈ ದೂರ ಚಾಚಿಕೊಂಡು ಅಂಗಳಕ್ಕೆ ಹೋಗಿ ಬರಿ ನೆಲದ ಮೇಲೆ ಸುರಿದು ಹಿಂದೆ ಬಂದರು. ಎಲ್ಲರೂ ಏನಾಗುತ್ತದೆ ಅಂತ ನೋಡಲು ಹೊರಗೆ ಬಂದು ನಿಂತೆವು. ನನ್ನ ಕೈಯಲ್ಲಿ ಕಾಫಿ ತಟ್ಟೆ ಹಾಗೇ ಇತ್ತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹುಡುಗಿಯ ಅಪ್ಪ, "ಅಷ್ಟಕ್ಕೇಯ" ಅಂತ ಬಾಯಿ ತೆರೆದರು. ಟಾರ್ಚು ಬುಸ್ ಅಂದು, ಬೆಂಕಿ ಉಗುಳಿ, ಅಂಗಳದ ತುಂಬ ಹೊಗೆ ಎಬ್ಬಿಸಿತು. ಕರು ಗೂಟ ಕಿತ್ತುಕೊಂಡು ಜೋಳದ ಹೊಲಕ್ಕೆ ನುಗ್ಗಿತು. ಅಣ್ಣನೂ ಹುಡುಗಿಯೂ ಸುತ್ತಲಿನ ಒಣಹುಲ್ಲನ್ನು ದೂರಕ್ಕೆ ಎಳೆದು ಮಣ್ಣು ಎರಚಿದರು.

ಅದು ಪೂರ್ತಿ ಆರಿದ ಮೇಲೆ ಹುಡುಗಿಯ ಅಪ್ಪನಿಗೆ ಬಂದದ್ದು ಕೃತಜ್ಞತೆಯಲ್ಲ, ಅಪಶಕುನದ ಯೋಚನೆ. "ಶುಭ ಮಾತಾಡಕೆ ಕೂತಾಗ್ಲೇ ಮನೇಲಿ ಒಗೆ ಎದ್ಬುಡ್ತು. ಒಳ್ಳೆ ಸೆಲ್ಲು ಸಾ ಅದು. ಒಂಬತ್ತು ಸಾವ್ರದ ಒಂಬೈನೂರಿಂದು. ಸಂತೇಲಿ ತಂದಿದ್ದು."

ಅಣ್ಣ ಇನ್ನೊಂದು ಟಾರ್ಚಿನಿಂದ ಅಂಥದೇ ಸೆಲ್ಲು ತೆಗೆದು ಕಣ್ಣಿನ ಹತ್ತಿರ ಹಿಡಿದರು. "ಈ ಗಾತ್ರದ ಸೆಲ್ಲಲ್ಲಿ ಮೂರೂವರೆ ಸಾವ್ರದ ಮ್ಯಾಲೆ ಇಡ್ಸಕೆ ಯಾರ ಕೈಲೂ ಆಗಿಲ್ಲ ಕಣ್ರಿ. ಇದ್ರಲ್ಲಿ ಸಾವ್ರ ಇದ್ರೆ ನಿಮ್ಮ ಪುಣ್ಯ."

"ಬರ್ದವ್ರಲ್ಲ ಸಾ ಮ್ಯಾಲೆ."

"ಬರ್ಯೋದಕ್ಕೇನ್ ಕಷ್ಟ? ಈಗ ಇವ್ನನ್ನೇ ತಕಳಿ." ಅಣ್ಣ ನನ್ನ ಕಡೆ ಬೊಟ್ಟು ಮಾಡಿದರು. "ಸೂಪರಿಂಟೆಂಡು ಅಂತ ಬರ್ದದೆ. ಇರೋದು ಗುಮಾಸ್ತ. ನಾಕೆಕರೆ ಅಂತದೆ. ಇರೋದು ಒಂದೂಕಾಲು, ಅದ್ರಲ್ಲೂ ಒಂದು ಮೂಲೆ ಚಾನಲ್ಲು ತೋಡಕೆ ಓಗ್ಬುಟ್ಟದೆ. ಇಪ್ಪತ್ತೊಂಬತ್ತಲ್ಲ, ಮೂವತ್ನಾಕು. ಕ್ವಾಪ ಗೊತ್ತಿಲ್ಲ ಅಂದ್ರಲ್ಲ, ಒಸಿ ಆ ಮಕ ನೋಡಿ."

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ, ಕಾಫಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವ ಕರು ಹಿಡಿಯುವ ನೆಪದಲ್ಲಿ ಜೋಳದ ಹೊಲಕ್ಕೆ ಹೋದವನು ನಾವು ಹೊರಡುವವರೆಗೂ ಈಚೆಗೆ ಬರಲಿಲ್ಲ.

"ಅಂಗಾರೆ ನಿಜವಾಗ್ಲೂ ಎಷ್ಟು?" ಅಂತ ಕೇಳಿದ್ದು ಹುಡುಗಿ. ಮಣ್ಣಾದ ಕೈಯನ್ನು ಹೊಸ ಸೀರೆಗೇ ಒರೆಸಿಕೊಳ್ಳುತ್ತ ಕೇಳಿದಳು.

ಅಣ್ಣ ಸೆಲ್ಲು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗೊತ್ತಿಲ್ಲ ಕಣವ್ವಾ. ಇವ್ನನ್ನ ನಾನು ಅಳೆದಿಲ್ಲ."

ಹೇಳಿ ಕಳಿಸುತ್ತೇವೆ ಅಂದರು. ಹದಿನಾಲ್ಕು ಮನೆಯಲ್ಲಿ ಕೇಳಿದ ಮಾತು, ಅದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ತಿರುಗಿ ಕೂತಳು. ಮಾವ ಡ್ರೈವರ್ ಪಕ್ಕ ಕೂತ. ಅಣ್ಣ ನನ್ನ ಪಕ್ಕ ಕೂತು, "ಎಂಟ್ರಲ್ಲಿ ಮೂರು ಮಾತ್ರ ಯೋಗ್ಯವಾದ ಟಾರ್ಚು ಕಣ್ಲಾ" ಅಂತ ಬೇಸರಪಟ್ಟುಕೊಂಡರು. ನಾನು ಒಂದು ತಿಂಗಳು ಅವರ ಜೊತೆ ಮಾತಾಡಲಿಲ್ಲ. ಅವರ ರಜೆ ಅರ್ಜಿಯನ್ನು ವಿಳಾಸ ಪೂರ್ತಿ ಇಲ್ಲ ಅಂತ ಎರಡು ಸಲ ಹಿಂದಕ್ಕೆ ಕಳಿಸಿದೆ. ವಿಳಾಸ ಪೂರ್ತಿ ಇತ್ತು.

ಒಂದು ದಿನ ಹುಡುಗಿಯ ಅಪ್ಪ ಕಾಲೇಜಿಗೆ ಬಂದರು. ಕೈಯಲ್ಲಿ ಒಂದು ಚೀಲ. ಹಣ್ಣು ಕಾಯಿ ಇರಬೇಕು ಅಂದುಕೊಂಡು ನಾನು ಎದ್ದು ಅಂಗಿ ಸರಿಮಾಡಿಕೊಂಡೆ. ಅವರು ನನ್ನ ಟೇಬಲ್ ದಾಟಿ ನೇರ ಲ್ಯಾಬಿಗೆ ಹೋದರು. ಚೀಲದಲ್ಲಿದ್ದದ್ದು ಟಾರ್ಚು. ಅಣ್ಣನಿಂದ ಅಳೆಸಲು ತಂದಿದ್ದರು. ಮುಂದಿನ ವಾರ ಊರಿನವರ ಟಾರ್ಚುಗಳನ್ನೂ ತಂದರು. ಅದರ ಮುಂದಿನ ವಾರ ಸ್ಪ್ರೇ ಮಾಡುವ ಯಂತ್ರದ ಬ್ಯಾಟರಿ. ಪ್ರತಿ ಸಲವೂ ನಾನು ಎದ್ದು ನಿಲ್ಲುವುದು, ಅವರು ದಾಟಿ ಹೋಗುವುದು. ನಾಲ್ಕನೆಯ ಸಲ ನಾನು ಏಳಲಿಲ್ಲ. ಆವತ್ತೇ ಅವರು ನನ್ನ ಮುಂದೆ ನಿಂತದ್ದು.

"ಮಗ್ಳು ಬ್ಯಾರೆ ಯಾರ್ನೂ ನೋಡಕಿಲ್ಲ ಅಂತಾವ್ಳೆ. ಸುಳ್ಳೆಲ್ಲಾ ಉದ್ರೋದ್ಮೇಲೂ ಆ ಮನ್ಸ ಎದ್ದೋಗ್ನಿಲ್ಲ, ತಟ್ಟೆ ಇಡ್ಕಂಡು ನಿಂತಿದ್ರು, ಅಷ್ಟ್ ಸಾಕು ಅಂತಾವ್ಳೆ."

ನಾನು ಎದ್ದು ಹೋಗದೆ ಇದ್ದದ್ದು, ನನ್ನ ಚಪ್ಪಲಿ ಬೆಂಕಿಯ ಆಚೆ ಕಡೆ ಇದ್ದುದರಿಂದ. ಇದನ್ನು ನನ್ನ ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ಆದರೆ ಅಪ್ಪನಿಗೆ ಅಷ್ಟು ಸಾಕಾಗಿರಲಿಲ್ಲ. ನನ್ನನ್ನು ಕರೆದುಕೊಂಡು ಲ್ಯಾಬಿಗೆ ಹೋಗಿ ಅಣ್ಣನ ಎದುರು ನಿಲ್ಲಿಸಿದರು. "ಸಾ, ನಂಗೆ ಇವ್ರ ಮಾವನ ಮಾತು ಬ್ಯಾಡ. ನೀವು ಯೋಳಿ. ಈ ಉಡ್ಗುಂಗೆ ನೀವು ಜವಾಬ್ದಾರ್ರಾ? ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಬಂದು ಕೇಳ್ಬೋದಾ?"

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಅಣ್ಣ ಎರಡು ದಿನ ಟೈಮ್ ಕೇಳಿದರು. ಹಾದಿಬೀದಿಯ ಸೆಲ್ಲಿಗೆಲ್ಲ ಸಂಜೆಯೊಳಗೆ ಉತ್ತರ ಕೊಡುವವರು ನನ್ನ ವಿಷಯಕ್ಕೆ ಎರಡು ದಿನ. ಆ ಎರಡು ದಿನ ನಾನು ಊಟ ಮಾಡಿದ್ದು ಸುಳ್ಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಕೇಳಲು ಸ್ವಾಭಿಮಾನ ಬಿಡಲಿಲ್ಲ. ಅವರೂ ಹೇಳಲಿಲ್ಲ. ಮೂರನೆಯ ದಿನ ಹುಡುಗಿಯ ಅಪ್ಪನಿಗೆ ಫೋನ್ ಮಾಡಿ, "ನಾನು ಜವಾಬ್ದಾರ. ಆದ್ರೆ ತಿಂಗ್ಳಿಗೊಂದ್ಸಲ ಬಂದು ನೋಡ್ತೀನಿ. ಅದ್ಕೆ ಒಪ್ಪಿದ್ರೆ ಮಾತ್ರ" ಅಂದರಂತೆ.

ಇಂಥ ಷರತ್ತಿನ ಮೇಲೆ ಆದ ಮದುವೆ ಈ ಮೂರು ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. ತಮಾಷೆಗೆ ಹೇಳಿದ್ದಾರೆ ಅಂದುಕೊಂಡಿದ್ದೆ. ಮದುವೆಯಾದ ಮುಂದಿನ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬಂದು ನಮ್ಮ ಜಗುಲಿಯ ಮೇಲೆ ಕೂತರು. ನನ್ನ ಮೈಮೇಲೆ ಚೀಟಿ ಅಂಟಿಸಲು ಆಗುವುದಿಲ್ಲವಲ್ಲ, ಅದಕ್ಕೆ ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದರು. ನನ್ನನ್ನು ಒಳಗೆ ಕಳಿಸಿದರು. ಹೆಂಡತಿಯನ್ನು ಕೂರಿಸಿಕೊಂಡು, "ಎಂಗವ್ನವ್ವಾ?" ಅಂತ ಕೇಳಿದರು. ಅವಳು ಏನೇನೋ ಹೇಳಿದಳು. ಅವರು ಬರೆದುಕೊಂಡು, ಕಾಫಿ ಕುಡಿದು ಹೋದರು. ಆಮೇಲೆ ಅದೇ ಪದ್ಧತಿಯಾಯಿತು.

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳಲು ನೋಡುತ್ತಿದ್ದೆ. ಒಂದು ಸಲ ಕೇಳಿಸಿತು. ನಾನು ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ತಟ್ಟೆ ತಳ್ಳಿದ ವಾರ ಅದು. "ಬಿಸಿಯಾಗಿದ್ದಾಗ ಏನೂ ತುಂಬಕೋಗ್ಬ್ಯಾಡ ಕಣವ್ವಾ. ಆರ್ಲಿ. ಆರಿದ್ಮೇಲೆ ಎಷ್ಟ್ ಬೇಕಾರೂ ತುಂಬು" ಅನ್ನುತ್ತಿದ್ದರು. ಅವಳು ಅದನ್ನು ಪಾಲಿಸಿದಳು. ನನ್ನ ಕೋಪ ಇಳಿದ ಮೇಲೆ, ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿರುವಾಗ, ಒಂದೊಂದೇ ಹೇಳುತ್ತಿದ್ದಳು. ಆಗ ಜಗಳ ಆಡಲು ನನ್ನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಇದು ಬಹಳ ಮೋಸದ ವಿಧಾನ.

ತಿಂಗಳ ಕೊನೆಯ ವಾರ ಬಂತೆಂದರೆ ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳ ಅಪ್ಪನಿಗೆ ನಾನಾಗಿಯೇ ಫೋನ್ ಮಾಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಆ ನೋಟ್‌ಬುಕ್ಕಿನಲ್ಲಿರುವ ಸಂಖ್ಯೆ. ಅವರ ಬೀರುವಿನಲ್ಲಿದ್ದ ಎಲ್ಲ ಸೆಲ್ಲಿಗೂ ಒಂದು ಸಂಖ್ಯೆ ಇತ್ತು, ನನಗೂ ಇರಲೇಬೇಕು. ಸಾವಿರವೋ, ಎರಡು ಸಾವಿರವೋ, ಹೇಳಿಕೊಂಡದ್ದರ ಕಾಲು ಭಾಗವೋ. ಅವರು ನಿವೃತ್ತಿಯಾದ ದಿನ ಹಾರ ಹಾಕುವಾಗ ಕಿವಿಯಲ್ಲೇ ಕೇಳಿದೆ, "ಅಣ್ಣ, ಇವತ್ತಾದ್ರೂ ಹೇಳಿಬಿಡಿ, ನಾನು ಎಷ್ಟು?" ಅವರು, "ಇನ್ನೂ ನೋಡ್ತಾ ಇವ್ನಿ" ಅಂದರು. ನಿವೃತ್ತಿಯ ಮೇಲೂ ಧನಗೆರೆಯಿಂದ ಬಸ್ಸು ಹತ್ತಿ ಬರುವುದನ್ನು ಬಿಡಲಿಲ್ಲ. ಮದುವೆಯಿಂದ ಲೆಕ್ಕ ಹಾಕಿದರೆ ಒಟ್ಟು ಏಳು ವರ್ಷ ಬಂದರು.

ಹೋದ ತಿಂಗಳು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನೂ ಹೆಂಡತಿಯೂ ಧನಗೆರೆಗೆ ಹೋಗಿದ್ದೆವು. ಊಟವಾದ ಮೇಲೆ ಅತ್ತಿಗೆ, ಅಣ್ಣನ ಹೆಂಡತಿ, ನೋಟ್‌ಬುಕ್ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. "ಇದು ನಿಂದಂತೆ ಕಣವ್ವಾ. ಯೋಳಿದ್ರು." ನನ್ನ ಮುಖವನ್ನು ಅವರು ನೋಡಲೂ ಇಲ್ಲ.

ಬಸ್ಸಿನಲ್ಲಿ ಅವಳು ಅದನ್ನು ತೆರೆದಳು. ನಾನು ಬಗ್ಗಿದೆ. ಅವಳು ತಡೆಯಲಿಲ್ಲ. ಮೊದಲ ಪುಟದಲ್ಲಿ ದಿನಾಂಕ, ಅದರ ಕೆಳಗೆ ಮೂರು ಮಾತು: ಬಿಸಿ ಇಲ್ಲ. ಉಬ್ಬಿಲ್ಲ. ಉಪಯೋಗಿಸಬಹುದು. ಎರಡನೆಯ ಪುಟದಲ್ಲೂ ಅದೇ. ಮೂರನೆಯದರಲ್ಲೂ ಅದೇ. ತಟ್ಟೆ ತಳ್ಳಿದ ತಿಂಗಳಲ್ಲಿ 'ಬಿಸಿ ಇಲ್ಲ' ಹೊಡೆದುಹಾಕಿ 'ಸ್ವಲ್ಪ ಬಿಸಿ' ಅಂತ ಇತ್ತು, ಉಳಿದದ್ದು ಹಾಗೇ. ಏಳು ವರ್ಷ, ತಿಂಗಳಿಗೊಂದು ಪುಟ. ಎಲ್ಲೂ ಒಂದು ಸಂಖ್ಯೆ ಇರಲಿಲ್ಲ.

"ಇಷ್ಟೇನಾ" ಅಂದೆ. ನನಗೆ ಮೊದಲು ಬಂದದ್ದು ಸಿಟ್ಟೇ.

"ಇಷ್ಟ್ ಸಾಲ್ದಾ ನಿಮ್ಗೆ" ಅಂದಳು ಅವಳು. ಅವಳ ಕಣ್ಣು ತುಂಬಿತ್ತು.

ಒಂದು ಪುಟ ಮಾತ್ರ ಬೇರೆ ಇತ್ತು. ಮೂರು ವರ್ಷದ ಹಿಂದೆ ಅವ್ವ ಹೋದ ತಿಂಗಳಿನದು. ಆಗ ನಾನು ಕಚೇರಿಗೆ ಹೋಗಿ ಬರುತ್ತಿದ್ದೆ ಅಷ್ಟೆ. ಮಾತು ಬೇಡ, ಊಟ ಬೇಡ. ಜಗಳ ಆಡುವುದನ್ನೂ ಬಿಟ್ಟಿದ್ದೆ. ಆ ಪುಟದಲ್ಲಿ ಹೀಗಿತ್ತು: ಪೂರ್ತಿ ಇಳಿದಿದೆ. ಹೀಗೇ ಬಿಟ್ಟರೆ ಆಮೇಲೆ ಏಳುವುದಿಲ್ಲ. ಒಂದೇ ಸಲ ತುಂಬಬಾರದು. ಸ್ವಲ್ಪ ಸ್ವಲ್ಪ.

ಆ ತಿಂಗಳು ಅಣ್ಣ ನಾಲ್ಕು ಭಾನುವಾರವೂ ಬಂದಿದ್ದರು. ಬಂದು ಏನೂ ಕೇಳುತ್ತಿರಲಿಲ್ಲ, ನೋಟ್‌ಬುಕ್ಕನ್ನೂ ನನ್ನೆದುರು ತೆಗೆಯುತ್ತಿರಲಿಲ್ಲ. ಜಗುಲಿಯ ಮೇಲೆ ನನ್ನ ಪಕ್ಕ ಕೂತು ಕಡಲೆಕಾಯಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದರು, ನಾನು ತಿನ್ನುತ್ತಿದ್ದೆ, ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಏನಣ್ಣ ವಾರ ವಾರ ಈ ಕಡೆ, ಅಂತ ಒಂದು ಸಲ ಕೇಳಿದ್ದೆ. ಧನಗೆರೆಯಲ್ಲಿ ಕಟಿಂಗ್ ಚೆನ್ನಾಗಿ ಮಾಡುವುದಿಲ್ಲ, ಅದಕ್ಕೆ ಕೊಳ್ಳೇಗಾಲಕ್ಕೆ ಬರುತ್ತೇನೆ ಅಂದಿದ್ದರು. ನಾನು ಹೂಂ ಅಂದಿದ್ದೆ. ಆ ಮನುಷ್ಯನ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆ ಬಸ್ಸಿನಲ್ಲಿ.